ಬಾಯ್ಲರ್ ಮಾವನ ಮೂರು ಮಾತ್ರೆ

ಹೊಟ್ಟೆಯಲ್ಲಿ ಕಲ್ಲಿದೆ ಅಂದಾಗ ಯಾರಾದರೂ ಕುಣಿಯುತ್ತಾರಾ? ನಮ್ಮ ಸೋದರಮಾವ ಕುಣಿದ. ನಾನೇ ಕಣ್ಣಾರೆ ಕಂಡಿದ್ದೇನೆ. ಡಾಕ್ಟರಮ್ಮ ಸ್ಕ್ಯಾನಿಂಗ್ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿವೆ, ಕರಗಿಸೋಕೆ ಮಾತ್ರೆ ಕೊಡ್ತೀನಿ, ಅದರಲ್ಲಿರೋದು ನಮ್ಮ ಪಿತ್ತರಸದಲ್ಲೇ ಇರೋ ಒಂದು ಥರದ ಆ್ಯಸಿಡ್ ಅಂದರು. ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟ.

"ಆ್ಯಸಿಡ್ಡಾ! ಹಾಗಾದ್ರೆ ನೀವೂ ನಮ್ಮ ಕಸುಬಿನವರೇ ಬಿಡಿ ಡಾಕ್ಟ್ರೇ! ಎಷ್ಟು ಲೀಟರು?"

"ಲೀಟರಲ್ಲಪ್ಪಾ, ಮಾತ್ರೆ" ಅಂದರು ಡಾಕ್ಟರಮ್ಮ, ನಗು ತಡೆದುಕೊಂಡು.

ಮಾವನ ಕಸುಬು ಬಾಯ್ಲರ್ ತೊಳೆಯುವುದು. ಹೋಟೆಲು, ಲಾಂಡ್ರಿ, ಹಾಸ್ಟೆಲುಗಳಲ್ಲಿ ನೀರು ಕಾಯಿಸುವ ಆಳೆತ್ತರದ ಬಾಯ್ಲರುಗಳಿರುತ್ತವಲ್ಲ, ಅವುಗಳ ಒಳಮೈಗೆ ಗಡಸು ನೀರಿನ ಸುಣ್ಣ ಅಂಟಿ ಅಂಟಿ ಬಿಳಿ ಹಕ್ಕಳೆ ಕಟ್ಟುತ್ತದೆ. ಬರಬರುತ್ತಾ ಪೈಪಿನ ಬಾಯಿ ಮುಚ್ಚಿ, ನೀರು ಹನಿಯತೊಡಗುತ್ತದೆ. ಆಗ ಮಾವನಿಗೆ ಕರೆ ಬರುತ್ತದೆ. ನೀರಿಗೆ ಹದವಾಗಿ ಆ್ಯಸಿಡ್ ಬೆರೆಸಿ ಒಳಗೆ ಬಿಟ್ಟು, ತಗಡಿಗೆ ಕಿವಿ ಹಚ್ಚಿ ನಿಲ್ಲುತ್ತಾನೆ. ಒಳಗಿನಿಂದ ಬುಸುಬುಸು ಸದ್ದು ಬಂತೋ, ಮುಖ ಊರಗಲ. "ಬನ್ರೋ, ಕೇಳಿ ಇಲ್ಲಿ, ಕರಗ್ತಾ ಇದೆ!" ಅಂತ ದಾರಿಯಲ್ಲಿ ಹೋಗುವವರನ್ನೂ ಎಳೆದು ಕಿವಿ ಇಡಿಸುತ್ತಾನೆ. ಇಡೀ ಬದುಕನ್ನು ಬಾಯ್ಲರುಗಳ ಮೊರೆತದ ನಡುವೆ ಕಳೆದ ಗಂಟಲು ಅದು. ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳಿಸುತ್ತದೆ. ಅವನ ಸ್ವಂತ ಹೆಸರು ಎಲ್ಲರಿಗೂ ಮರೆತೇ ಹೋಗಿ, ನೆಂಟರಿಗೂ ಬೀದಿಯವರಿಗೂ ಅವನು ಬಾಯ್ಲರ್ ಮಾವ.

ಆ ದಿನ ಡಾಕ್ಟರಮ್ಮ ಅವನನ್ನು ಕೈಹಿಡಿದು ಮತ್ತೆ ಕೂರಿಸಿ, ಮುಂದಿನ ಮಾತು ಹೇಳಿದರು. ಪಿತ್ತಗಲ್ಲಿಗೆ ಸಾಮಾನ್ಯವಾಗಿ ಆಪರೇಷನ್ನೇ ಮದ್ದು. ಸಣ್ಣ ತೂತು ಕೊರೆದು ಪಿತ್ತಕೋಶವನ್ನೇ ತೆಗೆದುಬಿಡುತ್ತಾರೆ, ಎರಡು ದಿನಕ್ಕೆ ಮನೆ. ಆದರೆ ಮಾವನ ಶ್ವಾಸಕೋಶ ವರ್ಷಗಟ್ಟಲೆ ಆ್ಯಸಿಡ್ ಹೊಗೆ ಕುಡಿದು ಸವೆದುಹೋಗಿತ್ತು. ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ. ಅರಿವಳಿಕೆ ಕೊಡುವ ಡಾಕ್ಟರು ರಿಪೋರ್ಟು ನೋಡಿ ಆಗದು ಅಂತ ತಲೆಯಾಡಿಸಿಬಿಟ್ಟಿದ್ದರಂತೆ.

"ಮಲಗಿಸಬಹುದು, ಎಬ್ಬಿಸ್ತೀವಿ ಅನ್ನೋ ಭರವಸೆ ಕೊಡೋಕಾಗಲ್ಲ ಅಂದ್ರು" ಅಂದರು ಡಾಕ್ಟರಮ್ಮ. "ಅದಕ್ಕೇ ಈ ಮಾತ್ರೆ. ಎಲ್ಲರ ಕಲ್ಲಿಗೂ ಇದು ಹಿಡಿಯಲ್ಲ. ನಿಮ್ಮವು ಸಣ್ಣವು, ಸುಣ್ಣ ಕಟ್ಟಿಲ್ಲ, ಪಿತ್ತಕೋಶ ಇನ್ನೂ ಚೆನ್ನಾಗಿ ಹಿಂಡಿಕೊಳ್ತಿದೆ. ಪುಣ್ಯ ಮಾಡಿದ್ದೀರಿ. ಆದರೆ ತಾಳ್ಮೆ ಬೇಕು. ಆರು ತಿಂಗಳೋ ವರ್ಷವೋ ಎರಡು ವರ್ಷವೋ. ಅಷ್ಟರೊಳಗೆ ಒಂದು ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಮಾತ್ರ ನಮ್ಮ ಕೈಯಲ್ಲಿ ಹೆಚ್ಚೇನೂ ಇರಲ್ಲ."

ಮಾವ ನನ್ನ ಕಡೆ ತಿರುಗಿದ. ಹೊರಗೆ ಬೆಂಚಿನ ಮೇಲೆ ಅತ್ತೆ ಕೈಚೀಲ ತಬ್ಬಿಕೊಂಡು ಕೂತಿದ್ದರು.

"ಈ ಎಬ್ಬಿಸೋದು ಮಲಗಿಸೋದು ಎಲ್ಲ ನಿನ್ನ ಅತ್ತೆಗೆ ಗೊತ್ತಾಗಕೂಡದು. ಕೇಳಿಸ್ತಾ?" ಅಂದ. ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದ್ದ. ಹೂಂ ಅಂದೆ. ಹೊರಗೆ ಬಂದವನೇ ಎಂದಿನ ಗಂಟಲಲ್ಲಿ, "ಏನಿಲ್ಲ ಕಣೇ, ಮಾತ್ರೆ ಕೊಟ್ಟಿದ್ದಾರೆ, ಕರಗ್ತದೆ ಅಷ್ಟೇ!" ಅಂತ ಇಡೀ ಆಸ್ಪತ್ರೆಗೆ ಸಾರಿದ.

ನನ್ನದು ಔಷಧಿ ಅಂಗಡಿ. ಚೀಟಿ ಹಿಡಿದು ನನ್ನ ಜೊತೆಗೇ ನೇರ ಅಲ್ಲಿಗೆ ಬಂದ. ತೂಕದ ಮಷಿನ್ನಿನ ಮೇಲೆ ನಿಲ್ಲಿಸಿದೆ. ಎಪ್ಪತ್ತೈದು ಕಿಲೋ.

"ನೋಡು ಮಾವ, ಈ ಔಷಧಿಯ ಲೆಕ್ಕ ಮೈತೂಕದ ಮೇಲೆ. ಕಿಲೋಗೆ ಹತ್ತು ಮಿಲಿಗ್ರಾಂ ಅಂತ ಡಾಕ್ಟರಮ್ಮ ಹಾಕಿದ್ದಾರೆ. ನಿನಗೆ ದಿನಕ್ಕೆ ಏಳುನೂರೈವತ್ತು. ಒಂದು ಮಾತ್ರೆ ಇನ್ನೂರೈವತ್ತರದ್ದು. ಬೆಳಿಗ್ಗೆ ತಿಂಡಿ ಆದ್ಮೇಲೆ ಒಂದು, ರಾತ್ರಿ ಊಟ ಆದ್ಮೇಲೆ ಎರಡು. ಹೊಟ್ಟೆ ಉರಿಗೆ ಅಂತ ನೀನು ಕುಡೀತೀಯಲ್ಲ ಆ ಬಿಳೀ ದ್ರಾವಣ, ಅದನ್ನ ಇದರ ಜೊತೆ ಕುಡೀಬೇಡ. ಔಷಧಿನ ಅದು ಹೀರಿಕೊಂಡುಬಿಡುತ್ತೆ."

"ಮೈತೂಕದ ಮೇಲಾ?" ಮಾವನ ಕಣ್ಣರಳಿತು. "ನಮ್ಮಲ್ಲೂ ಹಾಗೇ ಕಣೇ! ಬಾಯ್ಲರಲ್ಲಿ ನೀರೆಷ್ಟು ಹಿಡಿಯುತ್ತೋ ಅದರ ಮೇಲೇ ಆ್ಯಸಿಡ್!"

ಆ ಹೋಲಿಕೆ ಕೇಳಿ ನಾನೂ ಖುಷಿಯಲ್ಲಿ ತಲೆಯಾಡಿಸಿದೆ. ಅದು ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಎರಡು ತಿಂಗಳು ಮಾವ ಗಡಿಯಾರದಂತೆ ಮಾತ್ರೆ ನುಂಗಿದ. ದಿನಾ ಅಂಗಡಿ ಮುಂದೆ ನಿಂತು "ಇವತ್ತಿಗೆಷ್ಟು ಕರಗಿರಬಹುದು?" ಅಂತ ಕೇಳುತ್ತಿದ್ದ. ಗಿರಾಕಿಗಳಿಗೂ ಅಭ್ಯಾಸವಾಗಿ, ಅವರೇ "ಕರಗ್ತಾ ಇದೆ ಬಿಡಿ" ಅನ್ನತೊಡಗಿದರು. ಆಮೇಲೆ ಒಂದು ದಿನ ಮುಖ ಚಿಕ್ಕದು ಮಾಡಿಕೊಂಡು ಬಂದು, ಕೌಂಟರಿಗೆ ಬಗ್ಗಿ, "ನಾಲ್ಕನೇದೊಂದು ಮಾತ್ರೆ ಸೇರಿಸೋಣವಾ?" ಅಂದ.

"ಯಾಕೆ?"

"ಡೋಸು ಸಾಲ್ತಿಲ್ಲ ಅನ್ಸುತ್ತೆ."

"ಅನ್ಸೋಕೆ ಅದೇನು ಸಾರಿನ ಉಪ್ಪಾ ಮಾವ? ಡಾಕ್ಟರಮ್ಮ ಬರೆದಿರೋದು ಮೂರು. ನಿನ್ನ ತೂಕಕ್ಕೆ ಅಷ್ಟೇ. ಸುಮ್ನೆ ಜಾಸ್ತಿ ನುಂಗಿದ್ರೆ ಕಲ್ಲು ಬೇಗ ಕರಗಲ್ಲ, ಹೊಟ್ಟೆ ಮಾತ್ರ ಕೆಡುತ್ತೆ."

"ತೂಕಕ್ಕೆ ಅಷ್ಟೇ ಅನ್ನು" ಅಂತ ಗೊಣಗಿದ. ಇದ್ದಕ್ಕಿದ್ದ ಹಾಗೆ ಏನೋ ಹೊಳೆದವನಂತೆ ಮುಖ ಬೆಳಗಿತು. ತೂಕದ ಮಷಿನ್ನಿನ ಮೇಲೊಮ್ಮೆ ಹತ್ತಿ, ಇಳಿದು, ಕೈ ಬೀಸುತ್ತಾ ಹೊರಟುಹೋದ.

ಆಮೇಲೆ ಗೊತ್ತಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಾವನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬಾಯ್ಲರಿಗೆ ಆ್ಯಸಿಡ್ ಬಿಡುವ ಮೊದಲು ಒಳಗಿನ ಹಕ್ಕಳೆಯ ಒಂದು ಚೂರು ಕಿತ್ತು, ಗಾಜಿನ ಲೋಟದಲ್ಲಿ ಆ್ಯಸಿಡ್ಡಿಗೆ ಹಾಕಿ ನೋಡಬೇಕು. ನೊರೆಯೆದ್ದು ಕರಗಿದರೆ ಸರಿ, ಕೆಲಸ ಶುರು. ಕರಗದಿದ್ದರೆ ಹದ ಹೆಚ್ಚಿಸಬೇಕು. ಲೋಟ ನೋಡದೆ ಬಾಯ್ಲರ್ ಮುಟ್ಟಿದವನು ಮಾವನ ಪಾಲಿಗೆ ಕಳ್ಳನಿಗೆ ಸಮ. ಈಗ ಅವನ ಹೊಟ್ಟೆಯೊಳಗಿನ ಚೂರು ಕೀಳುವುದು ಹೇಗೆ? ಆದರೆ ನಮ್ಮಮ್ಮನಿಗೂ, ಅಂದರೆ ಅವನ ಅಕ್ಕನಿಗೂ, ಹಿಂದೆ ಪಿತ್ತಗಲ್ಲಾಗಿ ಆಪರೇಷನ್ ಆಗಿತ್ತು. ಆಸ್ಪತ್ರೆಯವರು ಕೊಟ್ಟ ಕಲ್ಲುಗಳನ್ನು ಅಮ್ಮ ಒಂದು ಸೀಸೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅದರಿಂದ ಒಂದನ್ನು ಮಾವ ಕೇಳಿ ತಂದು, ಮಾತ್ರೆ ಪುಡಿ ಮಾಡಿ ಬಿಸಿನೀರಲ್ಲಿ ಕದಡಿ, ಕಲ್ಲನ್ನು ಅದರಲ್ಲಿ ಮುಳುಗಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟ. ವಾರವಾದರೂ ಕಲ್ಲು ಕಲ್ಲಾಗಿಯೇ ಕೂತಿತ್ತು. ಒಂದು ಗುಳ್ಳೆಯೂ ಏಳಲಿಲ್ಲ. ಹದ ಸಾಲದು ಅಂತ ಮಾವನ ತೀರ್ಮಾನ.

ನಾನು ನಾಲ್ಕನೇ ಮಾತ್ರೆ ಕೊಡಲಿಲ್ಲ. ಡೋಸು ತೂಕಕ್ಕೆ ತಕ್ಕಂತೆ ಅಂತ ನಾನೇ ಹೇಳಿದ್ದೆನಲ್ಲ. ಆ್ಯಸಿಡ್ ಹೆಚ್ಚಿಸೋಕಾಗದಿದ್ದರೆ ಬಾಯ್ಲರಿನ ನೀರು ಕಡಿಮೆ ಮಾಡಬೇಕು, ಹದ ತಾನಾಗಿ ಏರುತ್ತದೆ. ಇದು ಅವನ ಲೆಕ್ಕ. ನೀರು ಅಂದರೆ ಇಲ್ಲಿ ಯಾರು? ಮಾವನೇ! ಮಹಾಶಯ ತನ್ನನ್ನೇ ಕಡಿಮೆ ಮಾಡಿಕೊಳ್ಳಲು ಹೊರಟ. ಮಧ್ಯಾಹ್ನದ ಬುತ್ತಿಯನ್ನು ತಾನು ಆಗ ಕೆಲಸಕ್ಕೆ ಹೋಗುತ್ತಿದ್ದ ಲಾಂಡ್ರಿಯವರಿಗೆ ಹಂಚಿದ. ರಾತ್ರಿ ಅರ್ಧ ಬಟ್ಟಲು ಸೂಪು ಕುಡಿದು ಹೊಟ್ಟೆ ತುಂಬಿತು ಅಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನರನ್ನು ನೋಡಿದ್ದೇನೆ, ಆದರೆ ಮೊಲವೂ ತಾನೇ ಆಗಿ ಕಾಲು ಕತ್ತರಿಸಿಕೊಂಡವನು ಇವನೊಬ್ಬನೇ.

ದಿನಾ ಬಂದು ಮಷಿನ್ ಹತ್ತುತ್ತಿದ್ದ. ಇಳಿಯುವಾಗ ಚಪ್ಪಾಳೆ ತಟ್ಟುತ್ತಿದ್ದ. "ಏನು ಮಾವ, ಇಳಿದುಹೋಗಿದ್ದೀಯ" ಅಂದರೆ, "ಲವಲವಿಕೆ ಕಣೇ!" ಅನ್ನುತ್ತಿದ್ದ. ಅಷ್ಟು ಹುರುಪಿನ ಮನುಷ್ಯನಲ್ಲಿ ಏನು ಕೇಡು ಹುಡುಕುವುದು? ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹಗ್ಗ ಕಟ್ಟಿಕೊಂಡು ಬಂದ ದಿನ ಮಾತ್ರ ನನಗೆ ಅನುಮಾನ ಬಂತು. ಗದರಿ ಕೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ಹತ್ತಿ ಮಾಯವಾಗಿದ್ದ.

ಮರುದಿನವೇ ಲಾಂಡ್ರಿಯ ಯಜಮಾನಿಯ ಫೋನು. "ನಿಮ್ಮ ಮಾವ ಒದ್ದಾಡ್ತಿದ್ದಾರೆ, ಬೇಗ ಬನ್ನಿ!"

ಅಂಗಡಿಯ ಬಾಗಿಲನ್ನು ಅರ್ಧಕ್ಕೇ ಎಳೆದು ಓಡಿದೆ. ಬೀದಿಯ ತಿರುವಿನಲ್ಲಿ ಚಪ್ಪಲಿ ಹರಿಯಿತು, ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದೆ. ಲಾಂಡ್ರಿಯ ಒಳಗೆ ಹಬೆ ತುಂಬಿತ್ತು, ಇಸ್ತ್ರಿಯವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮಾವ ಹಾಸಿಗೆ ಬಟ್ಟೆಗಳ ಗಂಟಿನ ಮೇಲೆ ಮುದುಡಿ ಕೂತು, ಬಲಪಕ್ಕೆಯ ಕೆಳಗೆ ಎರಡೂ ಕೈ ಒತ್ತಿ ಹಿಡಿದಿದ್ದ. ಬೆವರು ಧಾರಾಕಾರ. ನನ್ನನ್ನು ಕಂಡವನೇ ಆ ನೋವಿನಲ್ಲೂ ಹಲ್ಲು ಬಿಟ್ಟ.

"ಹೆದರ್ಬೇಡ ಕಣೇ, ಆ್ಯಸಿಡ್ ಕೆಲ್ಸ ಮಾಡ್ತಿದೆ! ಒಳಗೆ ಕುದೀತಿದೆ ನೋಡು!"

ಕಲ್ಲು ನಾಳಕ್ಕೆ ಜಾರಿದ್ದರೆ? ಇವನನ್ನು ಮಲಗಿಸಿ ಎಬ್ಬಿಸುವವರು ಯಾರು? ಲಾಂಡ್ರಿಯ ವ್ಯಾನಿನಲ್ಲೇ, ಒಗೆದ ಬಟ್ಟೆಗಳ ನಡುವೆ ಅವನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಧಾವಿಸಿದೆವು. ದಾರಿಯುದ್ದಕ್ಕೂ "ಬೇಗ, ಬೇಗ" ಅಂತ ಡ್ರೈವರನ ಬೆನ್ನಿಗೆ ಗುದ್ದುತ್ತಲೇ ಇದ್ದೆ ಅಂತ ಆ ಡ್ರೈವರು ಇವತ್ತಿಗೂ ಆಡಿಕೊಳ್ಳುತ್ತಾನೆ.

ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು. ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ನಾಳ ತೆರೆದೇ ಇತ್ತು. ಕಲ್ಲು ಬಾಗಿಲವರೆಗೆ ಬಂದು ಹಿಂದೆ ಸರಿದಿತ್ತು. ನಾನು ಗೋಡೆಗೊರಗಿ ಉಸಿರು ಬಿಟ್ಟೆ. ಆದರೆ ಪಿತ್ತಕೋಶದ ತಳದಲ್ಲಿ ಹಿಂದೆ ಇಲ್ಲದ ಕೆಸರು ಕೂತಿತ್ತು.

"ಇದೆಲ್ಲಿಂದ ಬಂತು? ಮಾತ್ರೆ ತಗೋತಿದ್ದೀರಿ ತಾನೇ? ಊಟ ಸರಿಯಾಗಿ ಮಾಡ್ತೀರಾ?"

ಮಾವ ಹೆಮ್ಮೆಯಿಂದ ಎಲ್ಲ ಒಪ್ಪಿಸಿದ. ಲೋಟ, ಅಕ್ಕನ ಕಲ್ಲು, ನಾಲ್ಕನೇ ಮಾತ್ರೆ, ನೀರು ಕಡಿಮೆ ಮಾಡುವ ಉಪಾಯ. "ಒಂಬತ್ತು ಕಿಲೋ ಇಳಿಸಿದ್ದೀನಿ ಡಾಕ್ಟ್ರೇ!" ಅಂತ ಮುಗಿಸಿ ಶಭಾಷ್‌ಗಿರಿಗೆ ಕಾದ.

ಡಾಕ್ಟರಮ್ಮ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಸ್ಟೂಲು ಎಳೆದು ಅವನೆದುರೇ ಕೂತರು. "ನೋಡಿ, ಊಟ ಮಾಡಿದಾಗಲೇ ಪಿತ್ತಕೋಶ ಹಿಂಡಿ ಖಾಲಿಯಾಗೋದು. ಊಟ ಬಿಟ್ಟರೆ ಹಳೇ ಪಿತ್ತ ಅಲ್ಲೇ ನಿಂತು ಗಟ್ಟಿಯಾಗುತ್ತೆ. ಅದರ ಮೇಲೆ ಮೈಯ ಕೊಬ್ಬು ಇಷ್ಟು ಅವಸರದಲ್ಲಿ ಕರಗಿದ್ರೆ ಲಿವರ್ ಕೊಲೆಸ್ಟರಾಲನ್ನ ತಂದು ಪಿತ್ತಕ್ಕೇ ಸುರಿಯುತ್ತೆ. ನಿಮ್ಮ ಕಲ್ಲು ಆಗಿರೋದೇ ಆ ಕೊಲೆಸ್ಟರಾಲಿನಿಂದ. ಕರಗಿಸೋಕೆ ಹೋಗಿ ನೀವು ಹೊಸ ಕಲ್ಲಿಗೆ ಗಾರೆ ಕಲಸಿಕೊಡ್ತಿದ್ದೀರಿ!"

"ಮತ್ತೆ ಲೋಟದಲ್ಲಿ ಕರಗಲಿಲ್ಲವಲ್ಲ?" ಮಾವ ಬಿಡಲಿಲ್ಲ.

"ಮಾವ, ಅಮ್ಮನ ಕಲ್ಲು ಯಾವ ಬಣ್ಣ?" ಅಂದೆ ನಾನು.

"ಕರೀದು. ಇದ್ದಿಲಿನ ಹಾಗೆ."

"ಅದು ಬೇರೆ ಜಾತಿ. ಈ ಮಾತ್ರೆಗೆ ಅದು ಜನ್ಮದಲ್ಲಿ ಕರಗಲ್ಲ. ನಿನ್ನದು ಕೊಲೆಸ್ಟರಾಲ್ ಕಲ್ಲು. ಅದೂ ಲೋಟದಲ್ಲಿ ಕರಗಲ್ಲ. ಮಾತ್ರೆ ಹೊಟ್ಟೆಗೆ ಹೋಗಿ, ಲಿವರಿಗೆ ಹೋಗಿ, ಪಿತ್ತದಲ್ಲಿ ಬೆರೆತು, ಆ ಪಿತ್ತ ಕಲ್ಲನ್ನ ದಿನಾ ಒಂದೊಂದು ಪದರ ನೆಕ್ಕಬೇಕು."

ಮಾವ ನನ್ನನ್ನೂ ಡಾಕ್ಟರಮ್ಮನನ್ನೂ ನೋಡಿದ. ಆಮೇಲೆ ಹಣೆಗೆ ಫಟಾರನೆ ಹೊಡೆದುಕೊಂಡ ಸದ್ದಿಗೆ ನರ್ಸು ಬಾಗಿಲಲ್ಲಿ ಇಣುಕಿದಳು.

"ಬೇರೆ ಬಾಯ್ಲರಿನ ಚೂರು! ಅಯ್ಯೋ ನನ್ನ ಬುದ್ಧಿಗಿಷ್ಟು! ಬೇರೆ ಬಾಯ್ಲರಿನ ಚೂರು ಹಾಕಿ ನೋಡಿದೆನಲ್ಲೇ!"

ಅವನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಇದೇ ತಪ್ಪು ಮಾಡಿದ ಹಳೆಯ ಪಾಲುದಾರನ ಜೊತೆ ಅವನು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಈಗ ತನ್ನ ಜೊತೆ ತಾನು ಮಾತು ಬಿಡುವುದು ಹೇಗೆ? ಇಂಗು ತಿಂದ ಮಂಗನ ಹಾಗೆ ಮುಖ ಹಿಂಡಿಕೊಂಡವನು ಇದ್ದಕ್ಕಿದ್ದಂತೆ ನಗತೊಡಗಿದ. ಪಕ್ಕೆ ಹಿಡಿದುಕೊಂಡು, ಕೆಮ್ಮಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಡಾಕ್ಟರಮ್ಮನೂ ನಕ್ಕರು. ನಾನು ಮಾತ್ರ ನಗಲಿಲ್ಲ, ನನಗೆ ಸಿಟ್ಟು ನೆತ್ತಿಗೇರಿತ್ತು. ಸುದ್ದಿ ಕೇಳಿ ಓಡಿಬಂದು ಹೊರಗೆ ಕೂತಿದ್ದ ಅತ್ತೆಗೆ ಗ್ಯಾಸು ಅಂತ ಸುಳ್ಳು ಹೇಳುವ ಕೆಲಸವೂ ನನ್ನ ತಲೆಗೇ ಬಂತು.

ಅಂದಿನಿಂದ ಮಾವನ ಊಟದ ಉಸ್ತುವಾರಿ ನನ್ನದು. ಹೊತ್ತು ಹೊತ್ತಿಗೆ ಹದವಾಗಿ ತಿನ್ನಬೇಕು, ಎಣ್ಣೆ ಜಿಡ್ಡು ಸುರಿದುಕೊಳ್ಳಬಾರದು, ಉಪವಾಸ ಬೀಳಬಾರದು, ಮಾತ್ರೆ ಅದೇ ಮೂರು. ಕೆಲಸಕ್ಕೆ ಹೋದ ಕಡೆಗೆಲ್ಲ ಫೋನು ಮಾಡಿ "ಬುತ್ತಿ ಬಿಚ್ಚಿದ್ಯಾ?" ಅಂತ ಕೇಳುತ್ತಿದ್ದೆ. "ಬಿಚ್ಚಿದೆ ತಾಯಿ, ಅಗೀತಾ ಇದ್ದೀನಿ, ಕೇಳಿಸ್ಕೋ!" ಅಂತ ಫೋನಿನೊಳಗೇ ಕಚಪಚ ಅಗಿದು ತೋರಿಸುತ್ತಿದ್ದ. ತೂಕ ಮೆಲ್ಲಗೆ ಏರಿ ನಿಂತಿತು. ಮುಂದಿನ ಸ್ಕ್ಯಾನಿಂಗಿನಲ್ಲಿ ಕೆಸರು ಕಾಣಲಿಲ್ಲ, ಕಲ್ಲುಗಳು ಅರ್ಧಕ್ಕರ್ಧ ಸಣ್ಣಗಾಗಿದ್ದವು! ಮಾವ ಆ ಹಾಳೆ ಹಿಡಿದು ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಬೆಳಕಿಗೆ ಹಿಡಿದು ತೋರಿಸಿದ. ಏನೂ ತಿಳಿಯದ ಒಬ್ಬ ಅಜ್ಜಿ "ಗಂಡೋ ಹೆಣ್ಣೋ?" ಅಂತ ಕೇಳಿದಳು.

ಅರ್ಧ ಕರಗಿದ ಮೇಲೆ ನಮ್ಮ ಭಯ ಇನ್ನೂ ಹೆಚ್ಚಾಯಿತು. ಸಣ್ಣಗಾದ ಕಲ್ಲಿಗೆ ಜಾರುವುದು ಸುಲಭ. ಮಾವ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ದೂರದೂರಿನ ಕೆಲಸ ಬಂದರೆ ಏನಾದರೊಂದು ನೆಪ ಹೇಳಿ ಆಸ್ಪತ್ರೆಗೆ ಹತ್ತಿರವೇ ಉಳಿಯುತ್ತಿದ್ದ. ಅತ್ತೆ ಬೆನ್ನು ತಿರುಗಿಸಿದಾಗ ಅವರನ್ನೇ ನೋಡುತ್ತಾ ಕೂರುತ್ತಿದ್ದ.

ಹೀಗೇ ಮತ್ತೊಂದು ಸ್ಕ್ಯಾನಿಂಗಿನ ದಿನ ಬಂತು. ನಾನು ಒಳಗೆ, ಅತ್ತೆ ಎಂದಿನಂತೆ ಹೊರಗಿನ ಬೆಂಚಿನಲ್ಲಿ. ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಒತ್ತಿದರು. ನೋಡಿದರು. "ಎಡಕ್ಕೆ ಮಗ್ಗುಲಾಗಿ" ಅಂದರು. ಮತ್ತೆ ನೋಡಿದರು. "ಉಸಿರು ಎಳ್ಕೊಂಡು ಹಿಡ್ಕೊಳ್ಳಿ." ಮಾವ ಎಳೆದುಕೊಂಡ, ಕೆಮ್ಮು ಬಂತು, ಮತ್ತೆ ಎಳೆದುಕೊಂಡ. ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಎದ್ದು ಕೂರಿ." ಕೂರಿಸಿಯೂ ನೋಡಿದರು. ಪಕ್ಕದ ಕೋಣೆಯ ಡಾಕ್ಟರನ್ನು ಕರೆಸಿದರು. ಅವರೂ ಬಗ್ಗಿ ನೋಡಿದರು. ಮಾವ ಕಣ್ಣು ಮುಚ್ಚಿದ್ದ.

"ಇಲ್ಲ" ಅಂದರು ಆ ಡಾಕ್ಟರು.

"ಅಲ್ವಾ? ನನಗೂ ಒಂದೂ ಸಿಗ್ತಿಲ್ಲ" ಅಂದರು ಡಾಕ್ಟರಮ್ಮ. ಯಂತ್ರವನ್ನು ಕೆಳಗಿಟ್ಟು, ಮುಖ ತುಂಬ ನಕ್ಕು, ಮಾವನ ಭುಜ ಅಲುಗಿಸಿದರು. "ಕಣ್ಣು ಬಿಡಿ ಬಾಯ್ಲರ್ ಮಾವ! ಕಲ್ಲಿಲ್ಲ! ಪೂರ್ತಿ ಕರಗಿದೆ!"

ನಾನು ಕಿರುಚಿದೆ. ನಾಚಿಕೆಯೇನಿಲ್ಲ, ಕಿರುಚಿದೆ. ಇನ್ನೂ ಮೂರು ತಿಂಗಳು ಇದೇ ಮೂರು ಮಾತ್ರೆ ಮುಂದುವರಿಸಬೇಕು, ಕಣ್ಣಿಗೆ ಕಾಣದ ಚೂರೇನಾದರೂ ಉಳಿದಿದ್ದರೆ ಅದೂ ಹೋಗಲಿ, ಆಮೇಲೆ ಇನ್ನೊಮ್ಮೆ ಸ್ಕ್ಯಾನು, ಮುಂದೆ ವರ್ಷಗಳಲ್ಲಿ ಮತ್ತೆ ಬರುವುದೂ ಉಂಟು, ಆಗಾಗ ನೋಡಿಸುತ್ತಿರಬೇಕು ಅಂತೆಲ್ಲ ಡಾಕ್ಟರಮ್ಮ ಹೇಳುತ್ತಿದ್ದರು. ಮಾವ ಎಲ್ಲಕ್ಕೂ ತಲೆಯಾಡಿಸಿದ. ಕುಣಿಯಲಿಲ್ಲ, ಕೂಗಲಿಲ್ಲ. ಹೊಟ್ಟೆಯ ಅಂಟನ್ನೂ ಒರೆಸಿಕೊಳ್ಳದೆ ಅಂಗಿ ಎಳೆದುಕೊಂಡು ಬಾಗಿಲು ತೆರೆದ.

ಅತ್ತೆ ಎದ್ದು ನಿಂತರು. "ಏನಂದ್ರು?"

"ಕರಗಿದೆ ಕಣೇ. ಎಲ್ಲಾ ಕರಗಿದೆ." ಮಾವನ ದನಿ ಒಡೆಯಿತು. "ನಿನಗೆ ಹೇಳಿರ್ಲಿಲ್ಲ. ಆಪರೇಷನ್ ಮಾಡಿದ್ರೆ ನಾನು ಏಳ್ತೀನೋ ಇಲ್ಲವೋ ಗೊತ್ತಿಲ್ಲ ಅಂದಿದ್ರು. ಕಲ್ಲು ಜಾರಿದ್ರೆ ಅಲ್ಲಿಗೇ ಮುಗೀತು ಅಂದಿದ್ರು. ಮೊದಲ ದಿನವೇ."

ಅತ್ತೆಯ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಗಾಯಿತು. ಕೈಚೀಲ ಬೆಂಚಿನ ಮೇಲೆ ಕುಕ್ಕಿದರು.

"ಮೊದಲ ದಿನದಿಂದ! ಒಂದು ವರ್ಷದ ಮೇಲಾಯ್ತಲ್ರೀ! ದಿನಾ ನನ್ನ ಪಕ್ಕದಲ್ಲಿ ಮಲ್ಕೊಂಡು, ನಾ ಬಡಿಸಿದ್ದನ್ನ ತಿಂದ್ಕೊಂಡು, ಒಂದು ಮಾತು ಬಾಯಿಬಿಡಲಿಲ್ವಲ್ಲ! ನಾನೇನು ಈ ಮನೆಗೆ ನೆಂಟಳಾ? ಲಾಂಡ್ರಿಯಲ್ಲಿ ಬಿದ್ದಾಗ ಗ್ಯಾಸು ಅಂದ್ರಿ! ಇವಳೂ ಗ್ಯಾಸು ಅಂದ್ಲು! ಏನಾದ್ರೂ ಆಗಿಹೋಗಿದ್ರೆ ನಾನು ಯಾರನ್ನ ಕೇಳ್ಬೇಕಿತ್ತು? ಊರಿಗೆಲ್ಲ ಕೂಗಿ ಹೇಳೋ ಗಂಟಲಿಗೆ ಹೆಂಡತಿ ಹತ್ರ ಮಾತ್ರ ಬೀಗ!"

ಓಡಾಡುತ್ತಿದ್ದವರೆಲ್ಲ ನಿಂತರು. ನರ್ಸು "ಅಮ್ಮಾ, ಸ್ವಲ್ಪ ಮೆಲ್ಲಗೆ" ಅಂದಳು. ಅತ್ತೆ ಅವಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೈಯುತ್ತಲೇ ಇದ್ದರು, ಬೈಗುಳ ಬಿಕ್ಕಳಿಕೆಗೆ ತಿರುಗಿತ್ತು, ಮುಷ್ಟಿ ಬಿಗಿದು ಮಾವನ ತೋಳಿಗೆ ಗುದ್ದುತ್ತಿದ್ದರು. ಮಾವ ಗುದ್ದು ತಪ್ಪಿಸಿಕೊಳ್ಳಲಿಲ್ಲ. ಮುಖದ ಮೇಲೆ ನೀರು ಧಾರೆಯಾಗಿ ಇಳಿಯುತ್ತಿದ್ದರೂ ನಗುತ್ತಾ ನಿಂತಿದ್ದ.

"ಬೈಯೇ" ಅಂದ. "ಇನ್ನೂ ಬೈ. ಈಗ ಟೈಮಿದೆ. ಎಷ್ಟು ವರ್ಷ ಬೇಕಾದ್ರೂ ಬೈಬಹುದು."